ಮೊಳೆ ಎಷ್ಟು ಎತ್ತರಕ್ಕೆ?

ಹೊಸಪೇಟೆಯ ನಮ್ಮ ಮನೆಗೆ ಸುಣ್ಣಬಣ್ಣ ಆದಮೇಲೆ ಹಾಲ್‌ನ ಗೋಡೆ ಬೋಳಾಗಿ ಕಾಣ್ತಿತ್ತು. ವರ್ಕ್ ಫ್ರಂ ಹೋಂ ಮಾಡುವ ನನಗೆ ದಿನವಿಡೀ ಎದುರಿಗೆ ಅದೇ ಗೋಡೆ.

ಹತ್ತೊಂಬತ್ತನೇ ಶತಮಾನದ ಅಟ್ಲಾಸ್‌ಗಳಲ್ಲಿ ಒಂದು ಚೆಂದದ ಚಾರ್ಟ್ ಇರುತ್ತಿತ್ತು, ನೋಡಿದ್ದೀರಾ? ಜಗತ್ತಿನ ಬೆಟ್ಟಗಳನ್ನೆಲ್ಲ ಎತ್ತರದ ಪ್ರಕಾರ ಒಂದೇ ಕಡೆ ನಿಲ್ಲಿಸಿ, ನದಿಗಳನ್ನು ನೆಟ್ಟಗೆ ಎಳೆದು ಸಾಲಾಗಿ ಇಳಿಬಿಟ್ಟ ಚಿತ್ರ. ಡೇವಿಡ್ ರಮ್ಸೆ ನಕ್ಷೆ ಸಂಗ್ರಹದ ಜಾಲತಾಣದಲ್ಲಿ ಇಂಥವು ಸಿಗುತ್ತವೆ. ಒಂದನ್ನು ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದೆ.

ಇವುಗಳ ವಯಸ್ಸು ತಿಳಿಯಲು ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾವುದು ನೋಡಿ. ಈಕ್ವೆಡಾರ್‌ನ ಚಿಂಬೊರಾಜೊ ಇದ್ದರೆ ಬಹಳ ಹಳೆಯದು, ಧವಳಗಿರಿ ಇದ್ದರೆ ಆಮೇಲಿನದು. ಎವರೆಸ್ಟ್ ಎತ್ತರ ಪ್ರಕಟವಾಗಿದ್ದೇ 1856ರಲ್ಲಿ. ನನ್ನ ಚಾರ್ಟಿನಲ್ಲಿ ಧವಳಗಿರಿಯೇ ದೊಡ್ಡಣ್ಣ.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. “ಭಾಳ ಚಂದೈತಿ. ಇದ್ರಾಗ ನಮ್ ಹೊಳಿ ಎಲ್ಲೈತಪ್ಪ?”

ಹುಡುಕಿದೆ. ಗಂಗೆ ಇತ್ತು, ಅಮೆಜಾನ್ ಇತ್ತು. 531 ಕಿ.ಮೀ. ಹರಿಯುವ ತುಂಗಭದ್ರೆ ಇರಲಿಲ್ಲ.

ಆ ಮಾತು ತಲೆಯಲ್ಲೇ ಉಳೀತು. ಮುಂದೊಂದು ದಿನ ಕಂಪ್ಲಿಯ ಗುಜರಿ ಅಂಗಡಿಯಲ್ಲಿ ಬಳ್ಳಾರಿ ಜಿಲ್ಲೆಯ ಹಳೇ ಶಾಲಾ ನಕ್ಷೆ ಕಣ್ಣಿಗೆ ಬಿತ್ತು. ಹಿಂದೆ ಬಟ್ಟೆ ಅಂಟಿಸಿ, ಮೇಲೆ ಕೆಳಗೆ ಮರದ ಕೋಲು ಹಾಕಿದ್ದು. ವರ್ಷ ಅಚ್ಚಾಗಿದ್ದ ಮೂಲೆ ಗೆದ್ದಲಿನ ಪಾಲಾಗಿತ್ತು. ಆದರೆ ಸಂಡೂರು ಬೇರೆ ಬಣ್ಣದಲ್ಲಿತ್ತು. ಅಂದರೆ ಸಂಡೂರು ಸಂಸ್ಥಾನ ಜಿಲ್ಲೆಗೆ ಸೇರಿದ 1949ಕ್ಕಿಂತ ಹಿಂದಿನದು. ಹೊಸಪೇಟೆ ಪಕ್ಕ ಜಲಾಶಯದ ನೀಲಿಯೂ ಇಲ್ಲ. ಡ್ಯಾಂ ಆಗಿದ್ದು 1953ರಲ್ಲಿ. ಹೊಳೆ ಒಂದೇ ಗೆರೆಯಾಗಿ ಹಂಪಿ ದಾಟಿ ಕಂಪ್ಲಿ ಕಡೆ ಹರಿದಿತ್ತು.

ಇಂಥ ನಕ್ಷೆ ಸಿಕ್ಕರೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಮತ್ತೆ ಬಿಡಿಸೋಕಾಗಲ್ಲ. ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಬಿಸಿಲು, ತೇವ ಎರಡೂ ಇಲ್ಲದ ಗೋಡೆ ಆರಿಸಿ.

ನಾನು ನನ್ನ ಕಣ್ಣಿನ ಮಟ್ಟಕ್ಕೆ ಮೊಳೆ ಹೊಡೆದು ತೂಗುಹಾಕಿದೆ. ಅಜ್ಜಿ ಬಂದು ನಿಂತಳು. “ನಾರಾಯಣದೇವರಕೆರಿ ಐತೇನು ನೋಡು.”

ಅದು ಅವಳ ತವರು. ಡ್ಯಾಂ ನೀರಿನಲ್ಲಿ ಮುಳುಗಿದ ಊರು. ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಸಣ್ಣವನಿದ್ದಾಗಿನಿಂದ ಹೆಸರು ಕೇಳಿದ್ದೆ. ಆದರೆ ಆ ಊರು ಎಲ್ಲಿತ್ತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ನಕ್ಷೆಯಲ್ಲಿ ಇತ್ತು, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ತೋರಿಸಿದೆ. ಅಜ್ಜಿ ಕೈ ಎತ್ತಿದಳು, ಎಟುಕಲಿಲ್ಲ.

ಮೊಳೆ ಕಿತ್ತು ಒಂದೂವರೆ ಅಡಿ ಕೆಳಗೆ ಹೊಡೆದೆ. ಬೆರಳಿನ ಜಿಡ್ಡು ತಾಗದಿರಲಿ ಅಂತ ಮುಂದೆ ಅಕ್ರಿಲಿಕ್ ಹಾಳೆ ನಿಲ್ಲಿಸಿದೆ. ಈಗ ಅಜ್ಜಿ ಕುರ್ಚಿ ಎಳೆದುಕೊಂಡು ಕೂತು ಬೆರಳಿಟ್ಟು ಹೇಳ್ತಾಳೆ: “ಇಲ್ಲಿಂದ ಹೊಸಪೇಟಿಗೆ ಚಕ್ಕಡ್ಯಾಗ ಬರ್ತಿದ್ವಿ.” ದಾರಿಯಲ್ಲಿ ಏನೇನಿತ್ತು ಅಂತ ಒಂದೊಂದೇ ಹೇಳುತ್ತಾಳೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮನೆಗೆ ಬಂದವರು ಬೆಟ್ಟಗಳ ಚಾರ್ಟ್ ಮುಂದೆ ನಿಂತು ಫೋಟೋ ತೆಗೀತಾರೆ. ತೆಗೀಲಿ, ಚೆಂದ ಇದೆ. ಆದರೆ ನೀವು ಹಳೇ ನಕ್ಷೆ ತೂಗುಹಾಕುವಾಗ, ಅದನ್ನು ಓದಬಲ್ಲವರು ಮನೆಯಲ್ಲಿ ಯಾರಿದ್ದಾರೆ ನೋಡಿ. ಮೊಳೆ ಅವರ ಕೈಗೆಟುಕುವ ಎತ್ತರದಲ್ಲಿರಲಿ.