ವಾಚನಾಲಯದ ಅಂಗಳಕ್ಕೊಂದು ಶಿಲ್ಪ

ನಮ್ಮ ಬಡಾವಣೆಯಲ್ಲಿ ಚಂದಾಹಣದಿಂದ ನಡೆಯುತ್ತಿರುವ ಸಣ್ಣ ವಾಚನಾಲಯದ ವಿಷಯವನ್ನು ಈ ಅಂಕಣದ ವಾಚಕರು ಹಿಂದೆಯೂ ಕೇಳಿದ್ದೀರಿ. ಕಳೆದ ತಿಂಗಳು ಅದರ ಸದಸ್ಯರಾದ ರಾಯರೊಬ್ಬರು, ತಮ್ಮ ಸ್ವರ್ಗಸ್ಥ ತಾಯಿಯವರ ನೆನಪಿಗಾಗಿ ಮುಂದಣ ಅಂಗಳದಲ್ಲಿ ಒಂದು ಶಿಲ್ಪವನ್ನು ನಿಲ್ಲಿಸಲು ಹಣ ಕೊಡುವುದಾಗಿ ತಿಳಿಸಿದರು. ಹಣ ಬರುವುದೆಂದರೆ ಸಂತೋಷವೇ ಸರಿ. ಆದರೆ ಆ ಸಂತೋಷವು ಸಭೆಯಲ್ಲಿ ಕಾಲುಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ.

“ಗೆದ್ದಲು ಹಿಡಿದ ಕಪಾಟುಗಳನ್ನು ಒಳಗಿಟ್ಟುಕೊಂಡು ಹೊರಗೆ ಶಿಲ್ಪವನ್ನು ನಿಲ್ಲಿಸುವುದು ಯಾವ ನ್ಯಾಯ?” ಎಂದು ನಮ್ಮ ನಿವೃತ್ತ ಮೇಷ್ಟ್ರು ಕೇಳಿದರು. ಪ್ರಶ್ನೆಯು ಸಲ್ಲದುದೆಂದು ಯಾರೂ ಹೇಳುವಂತಿರಲಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯು ಅನಾವರಣಗೊಂಡದ್ದು 1913ರಲ್ಲಿ. ಅವರ ಸ್ಮಾರಕ ಮಂದಿರದಲ್ಲಿ ಪುಸ್ತಕಾಲಯವು ಆರಂಭವಾದದ್ದು 1915ರಲ್ಲಿ. ಪ್ರತಿಮೆ ಮೊದಲು, ಪುಸ್ತಕ ಆಮೇಲೆ! ಆ ಪುಸ್ತಕಾಲಯದಲ್ಲಿ ವರ್ಷಗಟ್ಟಲೆ ಓದಿದ ನಾನು ಪ್ರತಿಮೆಯ ಮುಖವನ್ನು ಒಮ್ಮೆಯಾದರೂ ನಿಂತು ನೋಡಿದೆನೆಂದು ಹೇಳಲಾರೆ. ಆದುದರಿಂದ ನಮ್ಮ ಶಿಲ್ಪವು ಎತ್ತರದ ಪೀಠದ ಮೇಲಿರಕೂಡದು, ಮಕ್ಕಳ ಕೈಗೆ ಎಟುಕುವಂತಿರಬೇಕು, ಹಣದಲ್ಲಿ ಹತ್ತನೆಯ ಒಂದು ಪಾಲು ಕಪಾಟುಗಳಿಗೆ ಸಲ್ಲಬೇಕು ಎಂದು ನಿರ್ಣಯವಾಯಿತು. ರಾಯರೂ ಒಪ್ಪಿದರು.

ಕೆಲಸವನ್ನು ವಹಿಸಿದುದು ತರುಣ ಶಿಲ್ಪಿಯಾದ ಓರ್ವ ಹೆಣ್ಣುಮಗಳಿಗೆ. ಆಕೆ ಒಂದು ಅಡಿ ಎತ್ತರದ ಮಣ್ಣಿನ ಮಾದರಿಯನ್ನು ತಂದು ಓದುವ ಮೇಜಿನ ಮೇಲಿಟ್ಟಳು: ತೊಡೆಯ ಮೇಲೆ ಪುಸ್ತಕವನ್ನು ತೆರೆದುಕೊಂಡು ಕುಳಿತ ಹುಡುಗಿ. ಇದನ್ನು ಕಲ್ಲಿಗೆ ಇಳಿಸುವ ಬಗೆಯನ್ನು ಆಕೆ ವಿವರಿಸಿದಾಗ ನಮ್ಮಲ್ಲಿ ಅನೇಕರಿಗೆ ಅದು ಹೊಸದಾಗಿ ತೋರಿತು. ಮಾದರಿಯ ಮೈಯ ಮೇಲೆಲ್ಲ ಬೆಳಕನ್ನು ಹಾಯಿಸಿ, ಅದರ ಉಬ್ಬುತಗ್ಗುಗಳನ್ನು ಲಕ್ಷಾಂತರ ಬಿಂದುಗಳಾಗಿ ಅಳೆದು ಕಂಪ್ಯೂಟರಿನಲ್ಲಿ ಸಂಗ್ರಹಿಸುವರು. ಅಲ್ಲಿ ಅದನ್ನು ಬೇಕಾದಷ್ಟು ಹಿಗ್ಗಿಸಬಹುದು. ಬಳಿಕ ಆ ಅಳತೆಯ ಆಜ್ಞೆಯಂತೆ, ವಜ್ರದ ಹರಳುಗಳನ್ನು ಕೂರಿಸಿದ ಮೊನೆಯುಳ್ಳ ಯಂತ್ರವು, ಮೇಲೆ ನೀರು ಸುರಿಯುತ್ತಿರಲು, ಗ್ರಾನೈಟನ್ನು ಪದರಪದರವಾಗಿ ಕೊರೆಯುತ್ತ ಬರುವುದು. 2018ರಲ್ಲಿ ಗುಜರಾತಿನಲ್ಲಿ ಅನಾವರಣಗೊಂಡ 182 ಮೀಟರು ಎತ್ತರದ ಸರ್ದಾರ್ ಪಟೇಲರ ಪ್ರತಿಮೆಯೂ ಶಿಲ್ಪಿ ರಾಮ ಸುತಾರರ ಮಾದರಿಯನ್ನು ಹೀಗೆ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕಂಚಿನ ಫಲಕಗಳನ್ನು ಚೀನಾದೇಶದಲ್ಲಿ ಎರಕ ಹೊಯ್ಯಿಸಿ ತಂದು ಜೋಡಿಸಿದುದಷ್ಟೆ.

ಯಂತ್ರವು ಬಿಟ್ಟ ಗೀರುಗಳನ್ನು ಯಾರು ತೆಗೆಯುವರೆಂದು ನಾನು ಕೇಳಿದೆನು. “ಅದಕ್ಕೆ ಕೈಯೇ ಬೇಕು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಲ್ಲುಕೆಲಸದವರೊಬ್ಬರನ್ನು ಗೊತ್ತುಮಾಡಿದ್ದೇನೆ. ಹುಡುಗಿಯ ಬೆರಳು, ಕಣ್ಣರೆಪ್ಪೆ, ಇವನ್ನು ಯಂತ್ರಕ್ಕೆ ಬಿಡುವುದಿಲ್ಲ” ಎಂದಳು. ಮೇಷ್ಟ್ರ ಮುಖವು ಆಗ ಕೊಂಚ ಅರಳಿತು.

ಇಷ್ಟರಲ್ಲಿ ರಾಯರು ಸಹಜವಾಗಿಯೇ ಒಂದು ಮಾತನ್ನಾಡಿದರು: “ಅಳತೆಯೆಲ್ಲ ಫೈಲಿನಲ್ಲಿ ಇರುವುದಷ್ಟೆ? ಹಾಗಾದರೆ ನಮ್ಮ ಮನೆಯ ತೋಟಕ್ಕೂ ಇನ್ನೊಂದನ್ನು ಕೊರೆಯಿಸಿಬಿಡಬಹುದಲ್ಲವೆ?” ಹುಡುಗಿಯ ಮುಖವು ಬಾಡಿತು. “ರಾಯರೇ, ಫೈಲನ್ನು ಕೊಡುವುದೆಂದರೆ ನನ್ನ ಕೈಯನ್ನೇ ಕೊಟ್ಟ ಹಾಗೆ” ಎಂದಳು. ರಾಯರಿಗೂ ಮುಜುಗರವಾಯಿತು. ಹಣ ಕೊಟ್ಟವನಿಗೆ ವಸ್ತುವು ಸಲ್ಲುವುದೆಂಬುದು ಸಂತೆಯ ನ್ಯಾಯ. ಅವರು ಅದರಂತೆ ನಡೆದವರೇ ಹೊರತು ಲೋಭಿಗಳಲ್ಲ.

ಆದರೆ ಕಾನೂನು ಬೇರೆಯೇ ಇದೆ. 1957ರ ಕೃತಿಸ್ವಾಮ್ಯದ ಕಾನೂನಿನ 17ನೆಯ ಪ್ರಕರಣದಂತೆ, ಒಬ್ಬರು ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಯಿಸಿದವರಿಗೇ ಸೇರುವುದು. ಆ ಪಟ್ಟಿಯಲ್ಲಿ ಶಿಲ್ಪದ ಹೆಸರಿಲ್ಲ. ಲಿಖಿತವಾಗಿ ವರ್ಗಾಯಿಸಿದ ಹೊರತು ಹಕ್ಕು ಶಿಲ್ಪಿಯದೇ. ಕಲ್ಲು ಮಾತ್ರ ನಮ್ಮದು. ಆ ಕಲ್ಲನ್ನೂ ಮನಬಂದಂತೆ ನಡೆಸಿಕೊಳ್ಳಲಾಗದೆಂಬುದಕ್ಕೆ ದೆಹಲಿಯ ವಿಜ್ಞಾನ ಭವನದ ಕಥೆಯೇ ಸಾಕ್ಷಿ. ಸರ್ಕಾರವು 1957ರಲ್ಲಿ ಕೋರಿದಂತೆ ಅಮರನಾಥ ಸೆಹಗಲ್ ಅವರು 140 ಅಡಿ ಉದ್ದದ ಕಂಚಿನ ಭಿತ್ತಿಶಿಲ್ಪವನ್ನು ರಚಿಸಿ 1962ರಲ್ಲಿ ಪೂರೈಸಿದರು. 1979ರಲ್ಲಿ ಅವರಿಗೆ ಒಂದು ಮಾತನ್ನೂ ತಿಳಿಸದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಕೆಲವು ಭಾಗಗಳು ಕಳೆದೂ ಹೋದವು. ಶಿಲ್ಪಿಯು ನ್ಯಾಯಾಲಯದ ಮೆಟ್ಟಲು ಹತ್ತಿದರು. 2005ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದೇ ಕಾನೂನಿನ 57ನೆಯ ಪ್ರಕರಣವನ್ನು ಆಧರಿಸಿ, ಉಳಿದುದನ್ನು ಅವರಿಗೆ ಹಿಂದಿರುಗಿಸಿ ಐದು ಲಕ್ಷ ರೂಪಾಯಿ ಪರಿಹಾರವನ್ನು ಕೊಡತಕ್ಕದ್ದೆಂದು ತೀರ್ಪಿತ್ತಿತು.

ಇದನ್ನು ಓದಿ ಹೇಳಿದ ಮೇಲೆ ರಾಯರೇ ಮೊದಲು ಕಾಗದವನ್ನು ಎಳೆದುಕೊಂಡರು. ಅವರ ಕೈಯಿಂದಲೇ ಷರತ್ತುಗಳು ಬರೆಯಲ್ಪಟ್ಟವು. ಗ್ರಾನೈಟಿನಲ್ಲಿ ಈ ಶಿಲ್ಪವು ಒಂದೇ ಒಂದು. ಎರಡನೆಯದು ಯಾರಿಗೂ ಇಲ್ಲ, ಶಿಲ್ಪಿಯೂ ಮಾಡಕೂಡದು. ಫೈಲಿನ ಒಂದು ಪ್ರತಿಯು ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳ ಬೀರುವಿನಲ್ಲಿರುವುದು. ಕಲ್ಲು ಒಡೆದು ದುರಸ್ತಿ ಬೇಕಾದಾಗ ಮಾತ್ರ, ಶಿಲ್ಪಿಯ ಒಪ್ಪಿಗೆಯ ಮೇಲೆ ತೆರೆಯತಕ್ಕದ್ದು. ಇಪ್ಪತ್ತು ವರ್ಷದ ಮೇಲೆ ಆ ಫೈಲನ್ನು ಓದುವ ಕಂಪ್ಯೂಟರೇ ಸಿಕ್ಕದೆ ಹೋದರೇನು ಗತಿ? (ನನ್ನ ಮಗನ ಮದುವೆಯ ಚಿತ್ರಗಳೆಲ್ಲ ಹೀಗೆಯೇ ಒಂದು ತಟ್ಟೆಯೊಳಗೆ ಸೆರೆಯಾಗಿ ಕುಳಿತಿವೆ.) ಆದಕಾರಣ ಮಾದರಿಯ ಪ್ಲಾಸ್ಟರ್ ಅಚ್ಚೊಂದನ್ನೂ ಇಡುವುದೆಂದು ಸೇರಿಸಿದೆವು. ಶಿಲ್ಪವನ್ನು ಸ್ಥಳಾಂತರಿಸಬೇಕಾಗಿ ಬಂದಲ್ಲಿ ಆಕೆಗೆ ಮುಂಚಿತವಾಗಿ ಪತ್ರ ಬರೆಯತಕ್ಕದ್ದು. ಮಳೆಯ ನೀರು ಕಲ್ಲುಪುಸ್ತಕದ ಹಾಳೆಗಳ ನಡುವೆ ನಿಂತು ಪಾಚಿಗಟ್ಟದಂತೆ ಸಣ್ಣ ಇಳಿಜಾರು ಬೇಕೆಂದು ನನ್ನ ಮನೆಯಾಕೆ ಸೂಚಿಸಿದಳು. ಸಮಿತಿಯಲ್ಲಿ ಯಾರಿಗೂ ಹೊಳೆಯದಿದ್ದ ಮಾತದು.

ಒಪ್ಪಂದಕ್ಕೆ ಬರುವ ಭಾನುವಾರ ಸಹಿ ಬೀಳತಕ್ಕದ್ದು. ಮಾದರಿಯು ಇನ್ನೂ ಮೇಜಿನ ಮೇಲೆಯೇ ಇದೆ. ಸಂಜೆಯ ಹೊತ್ತು ಬರುವ ಮಕ್ಕಳು ಆ ಹುಡುಗಿ ಯಾವ ಪುಸ್ತಕವನ್ನು ಓದುತ್ತಿದ್ದಾಳೆಂದು ಬಗ್ಗಿ ನೋಡುತ್ತಾರೆ. ಮೇಷ್ಟ್ರು ಗೆದ್ದಲಿನ ಔಷಧದ ಲೆಕ್ಕದ ಚೀಟಿಯನ್ನು ಅಂದೇ ತರುವುದಾಗಿ ಹೇಳಿಕಳುಹಿಸಿದ್ದಾರೆ.