ಆ ವೆಲ್ಡು ಊರು ತನಕ ಅಲ್ಲ, ಗ್ಯಾರೇಜ್ ತನಕ

(1/5)
ಮೊನ್ನೆ ನಾನು ಹಾಕಿದ ಫೋಟೋಗೆ ಬೆಂಕಿ ಇಮೋಜಿ ಸುರಿದವರೆಲ್ಲ ಸ್ವಲ್ಪ ನಿಂತು ಓದಿ. ಜಿಪ್ಸಿ ಪಕ್ಕ ಎರಡು ಬ್ಯಾಟರಿ, ಜಂಪರ್ ಕೇಬಲ್, ಹಾರ್ತಿರೋ ಕಿಡಿ. "ಗುರು, ಇನ್ಮೇಲೆ ಕಾಡಲ್ಲಿ ಏನು ಮುರಿದ್ರೂ ಟೆನ್ಷನ್ ಇಲ್ಲ" ಅಂತ ಬರೆದಿದ್ದೀರ. ಟೆನ್ಷನ್ ಇದೆ. ಫೋಟೋ ಆದ್ಮೇಲೆ ಏನಾಯ್ತು ಅಂತ ನಾನು ಹಾಕಿರಲಿಲ್ಲ. ಅದು ನನ್ನ ತಪ್ಪು.

(2/5)
ಸಕಲೇಶಪುರದ ಕಡೆ ಎಸ್ಟೇಟ್ ದಾರಿ. ಬಂಡೆಗೆ ಹೊಡೆದು ಟೈ ರಾಡ್ ಮುರೀತು. ಎರಡು ಗಾಡಿಯ ಬ್ಯಾಟರಿ ಬಿಚ್ಚಿ, ಸೀರೀಸ್‌ನಲ್ಲಿ ಜೋಡಿಸಿ 24 ವೋಲ್ಟ್ ಮಾಡ್ಕೊಂಡ್ವಿ. ಮುರಿದ ಜಾಗಕ್ಕೆ ಆಂಗಲ್ ತುಂಡು ಇಟ್ಟು, 2.5 ಎಂಎಂ ರಾಡ್‌ನಲ್ಲಿ ಹಚ್ಚಿದ್ವಿ. ನಡ್ಕೊಂಡು ಹೋಗೋ ಸ್ಪೀಡಲ್ಲಿ ಕೆಳಗಿಳಿದ್ವಿ. ಇಲ್ಲಿ ತನಕ ಸರಿ, ನನಗೂ ಹೆಮ್ಮೆನೇ.

ಆಮೇಲೆ ಗಾಡಿಯ ಓನರ್, ನಮ್ಮ ಗ್ಯಾಂಗಿನವನೇ, "ಗಟ್ಟಿಯಾಗಿದೆ ಬಿಡೋ" ಅಂತ ಮೂರು ವಾರ ಅದರಲ್ಲೇ ಓಡಿಸ್ದ. ಅವರಮ್ಮನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಿ ಬಂದ. ನಾಲ್ಕು ದಿನ ಆದ್ಮೇಲೆ ಪೆಟ್ರೋಲ್ ಬಂಕಲ್ಲಿ ಸ್ಟೀರಿಂಗ್ ತಿರುಗಿಸುವಾಗ ವೆಲ್ಡ್ ಬಿಟ್ಟುಹೋಯ್ತು. ಒಂದು ಚಕ್ರ ಈ ಕಡೆ, ಇನ್ನೊಂದು ಆ ಕಡೆ. ಬಂಕ್ ಹುಡುಗ ನಕ್ಕ. ನನಗೆ ನಗು ಬರ್ಲಿಲ್ಲ, ಯಾಕಂದ್ರೆ ಆ ವೆಲ್ಡ್ ಹಾಕಿದ್ದು ನಾನು.

(3/5)
ಯಾಕೆ ಬಿಡ್ತು? ನಮ್ಮ ಕಾಲೇಜು ವರ್ಕ್‌ಶಾಪಲ್ಲಿ ಮಷೀನ್ ನಾಬ್ ತಿರುಗಿಸಿ ಆಂಪಿಯರ್ ಇಡ್ತೀವಿ. ಬರೀ ಬ್ಯಾಟರಿಗೆ ನಾಬ್ ಎಲ್ಲಿದೆ? ಆರ್ಕ್ ನಿಲ್ಲೋಕೇ 20ಕ್ಕಿಂತ ಮೇಲೆ ವೋಲ್ಟ್ ಬೇಕು. ಲೋಡ್ ಬಿದ್ದ ತಕ್ಷಣ ನಮ್ಮ 24 ಇಳಿಯುತ್ತೆ, ರಾಡ್ ಅಂಟ್ಕೊಳ್ಳುತ್ತೆ. ಮೂರನೇ ಬ್ಯಾಟರಿ ಸೇರಿಸಿ 36 ಮಾಡಿದ್ರೆ ಆರ್ಕ್ ಸಲೀಸು, ಆದ್ರೆ ಈಗ ಕರೆಂಟ್ ಜಾಸ್ತಿ: ಸಣ್ಣ ರಾಡ್ ಕೆಂಪಗಾಗುತ್ತೆ, ತೆಳು ಪೈಪು ತೂತಾಗುತ್ತೆ. ಇದರ ಮೇಲೆ ಕೆಸರು, ಗ್ರೀಸ್, ಅಂಗಾತ ಮಲಗಿ ಕೆಲಸ. ಮೇಲೆ ನೋಡಿದ್ರೆ ಬೀಡ್ ಚೆನ್ನಾಗೇ ಕಾಣುತ್ತೆ. ಒಳಗೆ ಕರಗಿ ಕೂಡಿದೆಯಾ ಅಂತ ಕಣ್ಣಿಗೆ ಗೊತ್ತಾಗಲ್ಲ.

"ಲಿಥಿಯಂ ಮಷೀನ್ ತಗೊಂಡ್ರೆ ಆಯ್ತಲ್ಲ" ಅಂತೀರ. ಒಪ್ಪಿದೆ, ಫ್ರೋನಿಯಸ್ ಆಕ್ಯುಪಾಕೆಟ್ ತರದ್ದು ಸುಮಾರು 11 ಕಿಲೋ, ಕರೆಂಟ್ ಹಿಡಿತದಲ್ಲಿರುತ್ತೆ. ಒಳ್ಳೇ ಮಷೀನೇ. ಆದ್ರೆ ಕೆಳಗಿರೋ ಕಬ್ಬಿಣ ಯಾವ್ದು ಅಂತ ಮಷೀನ್‌ಗೆ ಗೊತ್ತಾಗಲ್ಲ, ನಿಮಗೆ ಗೊತ್ತಿರಬೇಕು. ಜಿಪ್ಸಿಯ ಲೀಫ್ ಸ್ಪ್ರಿಂಗ್ ತಗೊಳ್ಳಿ. ಸ್ಪ್ರಿಂಗ್ ಸ್ಟೀಲಲ್ಲಿ ಕಾರ್ಬನ್ ಅರ್ಧ ಪರ್ಸೆಂಟಿಗಿಂತ ಮೇಲೆ. ಕಾದು ಬೇಗ ತಣ್ಣಗಾದ್ರೆ ವೆಲ್ಡ್ ಪಕ್ಕದ ಜಾಗ ಗಾಜಿನ ತರ ಪೆಡಸಾಗುತ್ತೆ. ವೆಲ್ಡ್ ಹಾಗೇ ಇರುತ್ತೆ, ಪಕ್ಕದಲ್ಲಿ ಪಟ್ ಅನ್ನುತ್ತೆ. ಮೇನ್ ಪ್ಲೇಟ್ ಕಟ್ ಆದ್ರೆ ಎಷ್ಟು ದುಬಾರಿ ಮಷೀನ್ ತಂದ್ರೂ ಅಷ್ಟೇ.

(4/5)
ಹಾಗಂತ ವೆಲ್ಡರ್ ಮನೇಲಿಡಿ ಅಂತ ಹೇಳ್ತಿಲ್ಲ. ಶಾಕ್ ಮೌಂಟ್, ಸೈಲೆನ್ಸರ್ ಬ್ರಾಕೆಟ್, ಬಂಪರ್, ರ‍್ಯಾಕ್ ಇವೆಲ್ಲ ಮೈಲ್ಡ್ ಸ್ಟೀಲು, ಧೈರ್ಯವಾಗಿ ಹಚ್ಚಿ. ಟೈ ರಾಡ್ ಕೂಡ ಹಚ್ಚಿ, ಕಾಡಿಂದ ಈಚೆ ಬರೋಕೆ. ಡಾಂಬರು ಸಿಕ್ಕಿದ ಜಾಗದಲ್ಲೇ ಗಾಡಿ ನಿಲ್ಲಿಸಿ, ಅಲ್ಲಿಂದ ಮುಂದೆ ಟೋಯಿಂಗ್. ಸ್ಟೀರಿಂಗ್, ಬ್ರೇಕು ವೆಲ್ಡ್ ನಂಬಿ ಹೈವೇಗೆ ಬರಬೇಡಿ. ನೀವು ಸಾಯೋದಾದ್ರೆ ಅದು ನಿಮ್ಮ ಹಣೆಬರಹ ಅಂತೀರ, ಎದುರಿಂದ ಬರೋ ಸ್ಕೂಟರಿನವನು ಏನು ಮಾಡಿದ್ದ?

ಇನ್ನೊಂದು, ಫೋಟೋದಲ್ಲಿ ನಾನು ಬರೀ ಕೂಲಿಂಗ್ ಗ್ಲಾಸ್ ಹಾಕಿದ್ದೆ. ಸ್ಟೈಲ್‌ಗಲ್ಲ, ಶೀಲ್ಡ್ ಮರೆತು ಬಂದಿದ್ದೆ. ಆ ರಾತ್ರಿ ಕಣ್ಣೊಳಗೆ ಮರಳು ಎರಚಿದಂಗೆ ಉರಿ, ಬೆಳಗ್ಗೆ ತನಕ ನಿದ್ದೆ ಇಲ್ಲ. ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತೆ, ಕಿಡಿಯಿಂದ ದೂರ ಇಡಿ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಆರ್ಕ್ ಹಚ್ಚಲೇಬೇಡಿ, ಕ್ಲೋರಿನ್ ಇರೋ ಕ್ಲೀನರ್ ಆದ್ರೆ ವಿಷದ ಗಾಳಿ ಏಳುತ್ತೆ. ಫೆಬ್ರವರಿ, ಮಾರ್ಚಲ್ಲಿ ಒಣಹುಲ್ಲಿನ ಮೇಲಂತೂ ಬೇಡವೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನಾವೆಲ್ಲ ಟೀವೀಲಿ ನೋಡಿದ್ದೇವೆ. ಅಂಥ ಒಣಕಾಡಿಗೆ ಒಂದು ಕಿಡಿ ಸಾಕು.

(5/5)
"ಓವರ್ ಆಡ್ಬೇಡ, ನಮ್ಮ ಊರಿನ ಗ್ಯಾರೇಜ್ ಅಣ್ಣ ಇದೇ ತರ ಹಾಕಿದ್ದು ಹತ್ತು ವರ್ಷ ಓಡಿದೆ" ಅಂತ ಒಬ್ಬ ಆಗಲೇ ಮೆಸೇಜ್ ಮಾಡಿದಾನೆ. ಮಗಾ, ಆ ಅಣ್ಣನ ಕೈಯಲ್ಲಿ ಮೂವತ್ತು ವರ್ಷದ ವೆಲ್ಡಿಂಗ್ ಇದೆ. ನಿನ್ನ ಕೈಯಲ್ಲಿ ಒಂದು ಸೆಮಿಸ್ಟರ್‌ದು, ಅದೂ ಪ್ರಾಕ್ಟಿಕಲ್‌ಗೆ ಬಂಕ್ ಹೊಡೆದು.

ಶನಿವಾರ ಲ್ಯಾಬ್ ಮುಗಿದ್ಮೇಲೆ ವರ್ಕ್‌ಶಾಪ್ ಹಿಂದೆ ಬನ್ನಿ. ಹಳೇ ಸ್ಪ್ರಿಂಗ್ ಪ್ಲೇಟ್ ತರ್ತೀನಿ. ನೀವೇ ವೆಲ್ಡ್ ಹಾಕಿ, ತಣ್ಣಗಾದ್ಮೇಲೆ ವೈಸ್‌ಗೆ ಕಟ್ಟಿ ಸುತ್ತಿಗೇಲಿ ಹೊಡೀರಿ. ಎಲ್ಲಿ ಮುರಿಯುತ್ತೆ ನೋಡೋಣ. ಶೀಲ್ಡ್ ಎರಡೇ ಇದೆ, ಇದ್ದೋರು ತನ್ನಿ.