ಮೀಟರ್‌ಕಾಸ್ಟಿನೊಳಗಿನ ಬಿಳಿಯಾನೆ



ಅಂತರ್ಜಾಲ ಕಂಪನಿ ಕೊಟ್ಟ ಪೆಟ್ಟಿಗೆಯನ್ನೇ ಬಳಸಬೇಕೆಂಬ ಕಟ್ಟು ನೆದರ್ಲ್ಯಾಂಡ್ಸಿನಲ್ಲಿ 2022ರ ಜನವರಿಯಿಂದ ಸಡಿಲಗೊಂಡಿದೆ. ಗ್ರಾಹಕ ಮತ್ತು ಮಾರುಕಟ್ಟೆ ಪ್ರಾಧಿಕಾರವಾದ ಎಸಿಎಮ್‌ನ ನಿಯಮದಿಂದ ಮೋಡೆಮ್, ರೂಟರ್‌ಗಳ ಆಯ್ಕೆ ನಮ್ಮ ಕೈಗೆ ಬಂದಿತು. ಸ್ವಾತಂತ್ರ್ಯ ಬಂದೊಡನೆ ನಮ್ಮಲ್ಲಿ ಅನೇಕರು ಮಾಡಿದ್ದೇನು? ಅಟ್ಟದ ಹಳೆಯ ಡೆಸ್ಕ್‌ಟಾಪನ್ನು ಇಳಿಸಿ, ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಮೀಟರ್‌ಕಾಸ್ಟಿನಲ್ಲಿ ಕೂರಿಸಿ, "ಪುಕ್ಕಟೆ ರೂಟರ್" ಎಂದು ಬೀಗಿದೆವು.

ಇದು ಪುಕ್ಕಟೆಯಲ್ಲ ಎಂಬುದೇ ನಮ್ಮ ವಾದ. ಬಿಟ್ಟಿ ಸಿಕ್ಕ ಆನೆಗೂ ದಿನವೂ ಮೇವು ಹಾಕಬೇಕು.

ಮನೆಯ ಇತರ ಉಪಕರಣಗಳು ಮಲಗುತ್ತವೆ, ರೂಟರ್ ಮಲಗುವುದಿಲ್ಲ. ಊರಿನಲ್ಲಿ ಬೆಳಗಿನ ಆರು ಗಂಟೆಯೆಂದರೆ ನಮಗಿಲ್ಲಿ ಚಳಿಗಾಲದಲ್ಲಿ ರಾತ್ರಿ ಒಂದೂವರೆ. ಅಪ್ಪ ಅಮ್ಮನ ಕರೆ ಯಾವ ಹೊತ್ತಿನಲ್ಲಿ ಬಂದೀತೋ ಎಂದು ಕಾಯುವ ಮನೆಗಳಲ್ಲಿ ಅದನ್ನು ಆರಿಸುವ ಮಾತೇ ಇಲ್ಲ. ಬಿಡುವಿಲ್ಲದೆ ಉರಿಯುವ ಒಂದು ವಾಟ್ ವರ್ಷಕ್ಕೆ 8.76 ಯೂನಿಟ್ ನುಂಗುತ್ತದೆ. 40 ವಾಟ್ ಎಳೆಯುವ ಹಳೆಯ ಯಂತ್ರಕ್ಕೆ 350 ಯೂನಿಟ್. 8 ವಾಟ್‌ನ ಪುಟ್ಟ ಸಾಧನಕ್ಕೆ 70. ಯೂನಿಟ್ಟಿಗೆ 25 ಸೆಂಟ್ ಎಂದು ಹಿಡಿದರೂ ವ್ಯತ್ಯಾಸ ವರ್ಷಕ್ಕೆ 70 ಯೂರೋ. ಐದು ವರ್ಷದ ಲೆಕ್ಕವನ್ನು ತಾವೇ ಮಾಡಿ.

"ನಮ್ಮ ಮಾಡಿನ ಮೇಲೆ ಸೌರಫಲಕವಿದೆ" ಎನ್ನುವವರಿಗೆ ಒಂದು ನೆನಪೋಲೆ: ಹಗಲು ಕೊಟ್ಟ ವಿದ್ಯುತ್ತನ್ನು ರಾತ್ರಿಯ ಬಳಕೆಯಿಂದ ಕಳೆಯುವ ಸಾಲ್ಡೆರಿಂಗ್ ವ್ಯವಸ್ಥೆ 2027ರ ಜನವರಿ 1ರಿಂದ ರದ್ದು. ರಾತ್ರಿಯಿಡೀ ಉರಿಯುವ ಯಂತ್ರದ ಭಾರ ಆಗ ನೇರವಾಗಿ ತಟ್ಟುತ್ತದೆ.

ಹಾಗೆಂದು ಕಂಪನಿಯ ಪೆಟ್ಟಿಗೆಗೆ ಮರಳಿರೆಂದು ನಾವು ಹೇಳುತ್ತಿಲ್ಲ. ಅಗತ್ಯ ಅರಿತು ಆರಿಸಿರಿ ಎನ್ನುತ್ತೇವೆ. ವೀಡಿಯೊ ಕರೆ, ಮಕ್ಕಳ ಕನ್ನಡ ತರಗತಿ, ಕಚೇರಿಯ ಕೆಲಸ ಇಷ್ಟೇ ಆದರೆ ಓಪನ್‌ಡಬ್ಲ್ಯೂಆರ್‌ಟಿ ನಡೆಸಬಲ್ಲ ಸಣ್ಣ ರೂಟರ್ ಸಾಕು. ಇಲ್ಲಿನ ಮಿಡ್ಡೆಲ್‌ಹಾರ್ನಿಸ್ ಊರಿನ ಡೆಸಿಸೊ ಸಂಸ್ಥೆ 2015ರಿಂದ ಬೆಳೆಸುತ್ತಿರುವ ಓಪಿಎನ್‌ಸೆನ್ಸ್ ಬೇಕೆಂದರೆ 64-ಬಿಟ್ ಇಂಟೆಲ್ ಅಥವಾ ಎಎಮ್‌ಡಿ ಬಗೆಯ ಪ್ರೊಸೆಸರ್ ಅಗತ್ಯ. ಇಂಟೆಲ್ ಎನ್100 ಇರುವ, ಫ್ಯಾನ್ ಇಲ್ಲದ ಪುಟ್ಟ ಪೆಟ್ಟಿಗೆ ಆಗ ತಕ್ಕದ್ದು. ಆದರೆ ಜಾಹೀರಾತಿನ "6 ವಾಟ್" ಪ್ರೊಸೆಸರಿನದು ಮಾತ್ರ, ಇಡೀ ಪೆಟ್ಟಿಗೆಯದಲ್ಲ. ಗೋಡೆಯ ಸಾಕೆಟ್ಟಿಗೆ ಅಳತೆಯ ಮೀಟರ್ ಸಿಕ್ಕಿಸಿ ನೋಡಿದ ಅಂಕಿಯೇ ಸತ್ಯ. ರಾಸ್ಪ್‌ಬೆರಿ ಪೈ ಮಿತವ್ಯಯಿಯೇನೋ ಹೌದು. ಆದರೆ ಅದಕ್ಕೆ ಇರುವುದು ಒಂದೇ ನೆಟ್‌ವರ್ಕ್ ಕಿಂಡಿ ಎಂಬುದನ್ನು ಮರೆಯದಿರಿ.

ಒಂದು ಆಕ್ಷೇಪ ಗಂಭೀರವಾದದ್ದು: ಇದ್ದುದನ್ನು ಬಿಟ್ಟು ಹೊಸದನ್ನು ಕೊಳ್ಳುವುದೂ ಭೂಮಿಗೆ ಭಾರವಲ್ಲವೇ? ಹೌದು. ಆದ್ದರಿಂದಲೇ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಬಳಸಿದ ರೂಟರನ್ನು ಮೊದಲು ಹುಡುಕಿರಿ. ಓಪನ್‌ಡಬ್ಲ್ಯೂಆರ್‌ಟಿಯ ಬೆಂಬಲ ಅದಕ್ಕೆ ಇನ್ನೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಸುರಕ್ಷಾ ಪರಿಷ್ಕರಣೆ ನಿಂತ ಸಾಧನ ಎಷ್ಟು ಅಗ್ಗವಾದರೂ ಬೇಡ. ಹಳೆಯ ಡೆಸ್ಕ್‌ಟಾಪ್ ಮಕ್ಕಳಿಗೆ ಕನ್ನಡ ಬೆರಳಚ್ಚು ಕಲಿಯಲು ಒದಗಲಿ. ದಿನಕ್ಕೊಂದು ಗಂಟೆ ಉರಿದು, ಉಳಿದ ಹೊತ್ತು ಆರಿರಲಿ.

ಮಿತವ್ಯಯ ನಮ್ಮ ಹಿರಿಯರು ಕಲಿಸಿದ ಗುಣ. ಅವರು ಹಳೆಯದನ್ನು ಎಸೆಯುತ್ತಿರಲಿಲ್ಲ, ನಿಜ. ಆದರೆ ಕೆಲಸ ಮುಗಿದ ದೀಪವನ್ನು ಉರಿಯಲೂ ಬಿಡುತ್ತಿರಲಿಲ್ಲ. ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುವುದು ಬೇಡ.